ಸೇತುವೆಯ ಚಿತ್ರಗಳು ಹೇಳುವ ಚರಿತ್ರೆ

ಪಯಸ್ವಿನಿಯನ್ನು ಸೇರುವ ಒಂದು ತೋಡಿನ ಬದಿಯಲ್ಲಿ ನಮ್ಮ ಶಾಲೆಯಿದೆ. ಶಾಲೆಯ ಹಳೆಯ ದಿನಚರಿ ಪುಸ್ತಕಗಳನ್ನು ಒಮ್ಮೆ ಬಿಡುವಿನಲ್ಲಿ ಓದುತ್ತಿದ್ದಾಗ, ಆಟಿ ತಿಂಗಳ ಸುಮಾರಿಗೆ ಪ್ರತಿವರ್ಷವೂ ಒಂದೇ ಬಗೆಯ ಒಕ್ಕಣೆ ಮರಳಿ ಮರಳಿ ಬರುವುದನ್ನು ಕಂಡೆವು. ತೋಡಿಗೆ ನೆರೆ ಬಂದಿದೆ, ಸಂಕ ಕೊಚ್ಚಿಹೋಗಿದೆ, ಆಚೆ ದಡದ ಮಕ್ಕಳು ಬಂದಿಲ್ಲ. ಎಷ್ಟು ಮಕ್ಕಳು, ಎಷ್ಟು ದಿನ ಎಂಬ ಲೆಕ್ಕವೂ ತಪ್ಪದೆ ಅಲ್ಲಿದೆ. ಚರಿತ್ರೆಯ ವಿದ್ಯಾರ್ಥಿಗೆ ಇದು ಒಳ್ಳೆಯ ದಾಖಲೆಯೇ ಸರಿ. ಆದರೆ ಆ ಸಂಕ ಹೇಗಿತ್ತು? ಅಡಿಕೆ ಮರದ ಕಾಂಡಗಳು ಎರಡಿದ್ದುವೋ ಮೂರಿದ್ದುವೋ? ಹಿಡಿದು ನಡೆಯುವುದಕ್ಕೆ ಬಿದಿರು ಕಟ್ಟಿದ್ದರೋ ಇಲ್ಲವೋ? ಪುಸ್ತಕ ಹೇಳುವುದಿಲ್ಲ. ಊರಿನ ಹಿರಿಯರನ್ನು ವಿಚಾರಿಸಿದೆವು. ಒಬ್ಬರು ಸಂಕವನ್ನು ಹೊನ್ನೆಮರದ ಬುಡದಲ್ಲಿಟ್ಟರು. ಮತ್ತೊಬ್ಬರು ಅದನ್ನು ಬೇಸಗೆಯ ಕಟ್ಟಕ್ಕಿಂತಲೂ ಕೆಳಕ್ಕೆ ಒಯ್ದರು. ಇಬ್ಬರೂ ಅದರ ಮೇಲೆ ವರ್ಷಗಟ್ಟಲೆ ನಡೆದವರೇ. ನಾವು ಈ ಶಾಲೆಗೆ ಬರುವ ಹೊತ್ತಿಗೆ ಸಂಕ ಹೋಗಿ ಕಾಂಕ್ರೀಟಿನ ಸೇತುವೆ ಬಂದಾಗಿತ್ತು. ಹಳೆಯದರ ಚಿತ್ರವನ್ನು ಯಾರೂ ಬರೆದಿಟ್ಟಿರಲಿಲ್ಲ.

ಅದೇ ವಾರ ಮಕ್ಕಳಿಗೆ ಸೇತುವೆಯ ಚಿತ್ರವನ್ನು ಬರೆಯಹೇಳಿದೆವು. ಬಂದ ಕಾಗದಗಳಲ್ಲೆಲ್ಲ ಮೂರು ಕಮಾನು, ಮೇಲೊಂದು ಬಸ್ಸು, ಕೆಳಗೆ ನೀಲಿ ನೀರು, ಎರಡು ಗುಡ್ಡಗಳ ನಡುವೆ ಅರ್ಧ ಸೂರ್ಯ. ಇದರಲ್ಲಿ ಆಶ್ಚರ್ಯವಿಲ್ಲ. ಎಲ್ಲ ಊರಿನ ಮಕ್ಕಳೂ ಹೀಗೆಯೇ ಬರೆಯುತ್ತಾರೆ. ನಮಗೆ ಆಶ್ಚರ್ಯವಾದದ್ದು ಬೇರೊಂದು ಸಂಗತಿ. ಸೇತುವೆ ಕಾಗದದ ಎಡ ಅಂಚಿನಲ್ಲಿ ಹುಟ್ಟಿ ಬಲ ಅಂಚಿನಲ್ಲಿ ಮುಗಿಯುತ್ತಿತ್ತು. ಯಾವ ಚಿತ್ರದಲ್ಲಿಯೂ ದಡವಿರಲಿಲ್ಲ. ಈಚೆ ಯಾವ ಊರು, ಆಚೆ ಯಾವ ಊರು, ದಾಟುವವರು ಯಾರು ಎಂಬುದೊಂದೂ ಕಾಣುತ್ತಿರಲಿಲ್ಲ. ದಡವಿಲ್ಲದ ಸೇತುವೆ ಸೇತುವೆಯಾದೀತೆ? ಸೇತುವೆಯನ್ನೇ ವಸ್ತುವನ್ನಾಗಿ ಮಾಡಿಕೊಂಡು ದೊಡ್ಡ ಚಿತ್ರಗಳನ್ನು ಬರೆದವರು ಈ ಪ್ರಶ್ನೆಯನ್ನು ಹೇಗೆ ಬಗೆಹರಿಸಿದರು, ಅವರ ಚಿತ್ರಗಳನ್ನು ಚರಿತ್ರೆಯ ಸಾಕ್ಷಿಯೆಂದು ಎಷ್ಟರಮಟ್ಟಿಗೆ ನಂಬಬಹುದು ಎಂದು ನೋಡಬೇಕೆಂಬ ಹಂಬಲ ನಮಗೆ ಅಂದು ಹುಟ್ಟಿತು. ಈ ಲೇಖನ ಅದರ ಫಲ.

ಮೊದಲು ಶಬ್ದದ ಮಾತು. ಸೇತು ಎಂಬುದು ಕಟ್ಟು ಎಂಬರ್ಥದ ಧಾತುವಿನಿಂದ ಹುಟ್ಟಿದುದು. ನೀರನ್ನು ತಡೆದು ಕಟ್ಟಿದ ಏರಿಯೂ ಸೇತುವೇ, ದಾಟುವ ದಾರಿಯೂ ಸೇತುವೇ. ಸಂಕ್ರಮ ಎಂಬ ಇನ್ನೊಂದು ಸಂಸ್ಕೃತ ಶಬ್ದಕ್ಕೂ ಸೇತುವೆಯೆಂಬ ಅರ್ಥವುಂಟು. ನಮ್ಮ ಸಂಕ ಅದರ ತದ್ಭವ. ಮೊದಲನೆಯ ಶಬ್ದದ ಕಣ್ಣು ಕಟ್ಟುವವನ ಮೇಲೆ, ಎರಡನೆಯದರ ಕಣ್ಣು ದಾಟುವವನ ಮೇಲೆ. ನಮ್ಮ ಪ್ರಾಚೀನ ಶಿಲ್ಪಿಗಳಿಗೆ ಸೇತುವೆ ಎಂದೊಡನೆ ನೆನಪಾದದ್ದು ರಾಮಾಯಣದ ಸೇತುಬಂಧ. ಜಾವಾ ದ್ವೀಪದ ಪ್ರಂಬನನ್ ಎಂಬಲ್ಲಿ 9ನೆಯ ಶತಮಾನದ ಶಿವಾಲಯದ ಸುತ್ತಲೂ ರಾಮಾಯಣದ ಕಥೆಯನ್ನು ಕೆತ್ತಿದ್ದಾರೆ. ಕಪಿಗಳು ಬಂಡೆಗಳನ್ನು ಹೊತ್ತು ತಂದು ಸಮುದ್ರಕ್ಕೆ ಹಾಕುವ ದೃಶ್ಯಕ್ಕೆ ಆ ಗುಡಿಯ ಸಾಲು ಮುಗಿದು, ಮುಂದಿನ ಕಥೆ ಪಕ್ಕದ ಬ್ರಹ್ಮನ ಗುಡಿಗೆ ಸಾಗುತ್ತದೆ. ಒಂದು ಗುಡಿಯಿಂದ ಇನ್ನೊಂದು ಗುಡಿಗೆ ದಾಟುವ ಸ್ಥಳದಲ್ಲಿ ಸೇತುವೆ ಬಂದಿರುವುದು ಬೇಕೆಂದೇ ಮಾಡಿದ್ದೋ ಏನೋ! ಅಲ್ಲಿಯೂ ಮೀನುಗಳಿಂದ ತುಂಬಿದ ಕಡಲಿದೆ, ಕಟ್ಟುವವರಿದ್ದಾರೆ. ಆದರೆ ನಾವು ಇಲ್ಲಿ ಹುಡುಕುತ್ತಿರುವ ಸೇತುವೆ ದೇವರ ಕಾರ್ಯಕ್ಕೆ ಒಮ್ಮೆ ಕಟ್ಟಿದುದಲ್ಲ. ದಿನವೂ ಜನ ದಾಟುವಂಥದು. ಅದನ್ನು ಕಾಣಬೇಕಾದರೆ ಚೀನಕ್ಕೆ ಹೋಗಬೇಕು.

12ನೆಯ ಶತಮಾನದ ಆದಿಭಾಗದಲ್ಲಿ ಉತ್ತರ ಸೊಂಗ್ ರಾಜರ ರಾಜಧಾನಿ ಬಿಯಾನ್‌ಜಿಂಗ್. ಈಗ ಅದನ್ನು ಕೈಫೆಂಗ್ ಎನ್ನುತ್ತಾರೆ. ಅಲ್ಲಿ ಜಾಂಗ್ ಝೆದುವಾನ್ ಎಂಬ ಚಿತ್ರಕಾರನಿದ್ದ. ಅವನು ರೇಷ್ಮೆಯ ಮೇಲೆ ಬರೆದ ಒಂದು ಸುರುಳಿಚಿತ್ರ ಬೀಜಿಂಗಿನ ಅರಮನೆ ವಸ್ತುಸಂಗ್ರಹಾಲಯದಲ್ಲಿ ಉಳಿದಿದೆ. ಅಗಲ ಒಂದು ಗೇಣಿಗೆ ತುಸು ಹೆಚ್ಚು, ಎಂದರೆ ಸುಮಾರು 25 ಸೆಂಟಿಮೀಟರು. ಉದ್ದ 5 ಮೀಟರಿಗೂ ಮಿಕ್ಕಿದುದು. ಚಿಂಗ್‌ಮಿಂಗ್ ಎಂಬ ಪಿತೃಸ್ಮರಣೆಯ ಹಬ್ಬದ ಹೆಸರು ಅದಕ್ಕಿದೆ. ಚಿತ್ರದ ಋತು ವಸಂತವೋ ಶರತ್ತೋ ಎಂದು ವಿದ್ವಾಂಸರು ವಾದಿಸಿದ್ದೂ ಉಂಟು. ಅದಿರಲಿ. ಚಿತ್ರವನ್ನು ಬಲದಿಂದ ಎಡಕ್ಕೆ ಬಿಚ್ಚುತ್ತ ಹೋಗಬೇಕು. ಮೊದಲು ಹಳ್ಳಿಯ ದಾರಿ, ಬೋಳು ಮರಗಳು, ಹೊರೆ ಹೊತ್ತ ಕತ್ತೆಗಳು. ಮೆಲ್ಲನೆ ನದಿ ಸೇರಿಕೊಳ್ಳುತ್ತದೆ, ಸರಕಿನ ದೋಣಿಗಳು ದಡಕ್ಕೆ ಹತ್ತುತ್ತವೆ. ನಡುಭಾಗಕ್ಕೆ ಬಂದಾಗ ಒಮ್ಮೆಲೆ ಕಾಮನಬಿಲ್ಲಿನಂತೆ ಬಾಗಿದ ಮರದ ಸೇತುವೆ. ನದಿಯ ಒಳಗೆ ಒಂದು ಕಂಬವೂ ಇಲ್ಲ. ತೊಲೆಗಳನ್ನು ಒಂದರೊಳಗೊಂದು ಹೆಣೆದು, ಬುಟ್ಟಿ ನೇಯ್ದಂತೆ ನೇಯ್ದ ಕಮಾನು.

ಆ ಸೇತುವೆಯ ಕೆಳಗೆ ಒಂದು ಅಪಾಯ ನಡೆಯುತ್ತಿದೆ. ದೊಡ್ಡ ದೋಣಿಯೊಂದು ಸೆಳವಿಗೆ ಸಿಕ್ಕಿ ಅಡ್ಡ ತಿರುಗಿದೆ. ಕೂವೆಮರವನ್ನು ಆತುರದಿಂದ ಇಳಿಸುತ್ತಿದ್ದಾರೆ. ಅಂಬಿಗರು ಗಳುಗಳನ್ನು ಊರಿ ತಡೆಯುತ್ತಿದ್ದಾರೆ. ಮೇಲಿನಿಂದ ಒಬ್ಬ ಹಗ್ಗ ಬೀಸುತ್ತಾನೆ, ಹತ್ತು ಜನ ಕಟಕಟೆಗೆ ಬಾಗಿ ಕೈಮಾಡಿ ಕೂಗುತ್ತಾರೆ. ಅದೇ ಹೊತ್ತಿಗೆ ಸೇತುವೆಯ ನೆತ್ತಿಯಲ್ಲಿ ಪಲ್ಲಕ್ಕಿಯವರು ಒಂದು ಕಡೆಯಿಂದ, ಕುದುರೆಯವರು ಇನ್ನೊಂದು ಕಡೆಯಿಂದ ಬಂದು ಎದುರಾಗಿದ್ದಾರೆ. ಎರಡೂ ಪಕ್ಷದ ಸೇವಕರು ದಾರಿ ಬಿಡಿ ಎಂದು ಕೈಬೀಸುತ್ತಿದ್ದಾರೆ. ಇಷ್ಟೆಲ್ಲ ಗಲಭೆಯ ನಡುವೆ ಬದಿಗಳಲ್ಲಿ ಛತ್ರಿಯಡಿ ಅಂಗಡಿ ಹಾಕಿದವರು ತಮ್ಮ ವ್ಯಾಪಾರವನ್ನು ಬಿಟ್ಟಿಲ್ಲ. ನಮ್ಮ ಜಾತ್ರೆಗಳನ್ನು ನೋಡಿದವರಿಗೆ ಇದು ಹೊಸದಲ್ಲ.

ಈ ಚಿತ್ರವನ್ನು ನಂಬಬಹುದೆ? ಕಂಬವಿಲ್ಲದ ಮರದ ಸೇತುವೆ ಚಿತ್ರಕಾರನ ಕಲ್ಪನೆಯೇ ಇರಬಹುದಲ್ಲ? ಇಲ್ಲಿ ಚರಿತ್ರಕಾರನ ಪುಣ್ಯದಿಂದ ಎರಡನೆಯ ಸಾಕ್ಷಿಯೊಂದು ಇದೆ. 1127ರಲ್ಲಿ ಆ ರಾಜಧಾನಿ ಉತ್ತರದ ಜುರ್ಚೆನ್ನರ ವಶವಾಯಿತು. ಊರು ಬಿಟ್ಟು ದಕ್ಷಿಣಕ್ಕೆ ಹೋದವರಲ್ಲಿ ಮೆಂಗ್ ಯುವಾನ್‌ಲಾವೊ ಎಂಬವನು ತಾನು ಕಂಡ ನಗರವನ್ನು ನೆನಪಿನಿಂದ ಗ್ರಂಥವಾಗಿ ಬರೆದ. ಅದರ ಮುನ್ನುಡಿಯ ಕಾಲ 1147. ಕಂಬಗಳಿಲ್ಲದೆ ದೊಡ್ಡ ತೊಲೆಗಳಿಂದಲೇ ಕಟ್ಟಿ ಕೆಂಪು ಬಣ್ಣ ಬಳಿದ ಸೇತುವೆಯ ವರ್ಣನೆ ಆ ಗ್ರಂಥದಲ್ಲಿದೆ. ಇಂಥವು ಒಂದಲ್ಲ, ಮೂರಿದ್ದುವು ಎಂದೂ ಅವನು ಹೇಳುತ್ತಾನೆ. ಚಿತ್ರದಲ್ಲಿರುವುದು ಮೂರರಲ್ಲಿ ಯಾವುದು ಎಂಬ ಚರ್ಚೆ ಏನೇ ಇರಲಿ, ಅಂಥ ಸೇತುವೆ ಇದ್ದುದು ನಿಜ. ಹಳೆಯ ನಗರವಾದರೋ ಹಳದಿ ನದಿಯ ಹೂಳಿನಡಿ ಹಲವು ಮೀಟರು ಆಳದಲ್ಲಿ ಮಲಗಿದೆ. ಸೇತುವೆಯ ಒಂದು ತೊಲೆಯೂ ಯಾರ ಕೈಗೂ ಸಿಗುವಂತಿಲ್ಲ. ಆದರೂ 1999ರಲ್ಲಿ ಶಾಂಘೈ ಸಮೀಪದ ಜಿಂಜೆ ಎಂಬ ಊರಿನಲ್ಲಿ ಚೀನದ ಮತ್ತು ಅಮೆರಿಕದ ತಜ್ಞರು ಕೂಡಿ ಈ ಚಿತ್ರವನ್ನೇ ಎದುರಿಗಿಟ್ಟುಕೊಂಡು ಅದೇ ಮಾದರಿಯ ಸೇತುವೆಯನ್ನು ಕಟ್ಟಿ ನಿಲ್ಲಿಸಿದರು. ಫೂಜಿಯನ್, ಝೆಜಿಯಾಂಗ್ ಪ್ರಾಂತಗಳ ಬೆಟ್ಟಗಳಲ್ಲಿ ಹೀಗೆ ತೊಲೆ ಹೆಣೆಯುವ ವಿದ್ಯೆ ಬಡಗಿಗಳ ಮನೆತನಗಳಲ್ಲಿ ಉಳಿದುಬಂದಿದೆ. ಅಳಿವಿನ ಅಂಚಿನಲ್ಲಿದ್ದ ಆ ವಿದ್ಯೆಯನ್ನು 2009ರಲ್ಲಿ ಯುನೆಸ್ಕೋ ಸಂಸ್ಥೆ ತುರ್ತಾಗಿ ಕಾಪಾಡಬೇಕಾದವುಗಳ ಪಟ್ಟಿಗೆ ಸೇರಿಸಿತು.

ಇನ್ನೊಂದು ಸಂಗತಿ ಇದಕ್ಕಿಂತಲೂ ಬೋಧಪ್ರದ. ಈ ಸುರುಳಿ ಪ್ರಸಿದ್ಧವಾಗಿ ಮುಂದಿನ ಶತಮಾನಗಳಲ್ಲಿ ಅನೇಕರು ಅದನ್ನು ತಮ್ಮದಾಗಿ ಮತ್ತೆ ಬರೆದರು. 1736ರಲ್ಲಿ ಚಿಂಗ್ ರಾಜರ ಆಸ್ಥಾನದ ಚಿತ್ರಕಾರರು ಬರೆದು ಮುಗಿಸಿದ ಪ್ರತಿ ತೈಪೆಯಲ್ಲಿದೆ. ಬಣ್ಣ ಹೆಚ್ಚು, ಜನ ಹೆಚ್ಚು, ವೈಭವ ಹೆಚ್ಚು. ಆದರೆ ಸೇತುವೆ ಮಾತ್ರ ಕಲ್ಲಿನದು! ಮರದ ಕಾಮನಬಿಲ್ಲನ್ನು ಅವರು ಕಂಡವರಲ್ಲ. ತಮ್ಮ ಕಾಲದ ಕಲ್ಲಿನ ಕಮಾನನ್ನೇ ತಂದಿಟ್ಟರು. ಮೂಲ ಸುರುಳಿ ನಷ್ಟವಾಗಿ ಈ ಪ್ರತಿಗಳು ಮಾತ್ರ ಉಳಿದಿದ್ದರೆ, ಕಂಬವಿಲ್ಲದ ಸೇತುವೆಯ ವರ್ಣನೆಯನ್ನು ನಾವು ನೆನಪಿನ ಉತ್ಪ್ರೇಕ್ಷೆಯೆಂದು ತಳ್ಳಿಹಾಕುತ್ತಿದ್ದೆವಲ್ಲವೆ? ಜಾಂಗ್ ಝೆದುವಾನನ ಬಗ್ಗೆ ನಮಗೆ ತಿಳಿದಿರುವುದು ಅತ್ಯಲ್ಪ. 1186ರಲ್ಲಿ ಸುರುಳಿಯ ಕೊನೆಗೆ ಒಬ್ಬನು ಬರೆದ ಟಿಪ್ಪಣಿಯಿಂದ ಅವನ ಹೆಸರು ನಮಗೆ ದೊರೆತಿದೆ. ಗೆರೆಪಟ್ಟಿ ಹಿಡಿದು ಬರೆಯುವ ಚಿತ್ರದಲ್ಲಿ ಅವನು ನಿಪುಣ, ದೋಣಿ, ಬಂಡಿ, ಸೇತುವೆ, ದಾರಿಗಳೆಂದರೆ ಅವನಿಗೆ ಪ್ರೀತಿ ಎಂಬುದು ಆ ಟಿಪ್ಪಣಿಯ ಸಾರ. ಟಿಪ್ಪಣಿ ಬರೆಯುವ ಹೊತ್ತಿಗೆ ಆ ಊರಿನ ರಾಜ್ಯವಳಿದು ಸುಮಾರು 60 ವರ್ಷಗಳಾಗಿದ್ದುವು.

ಈಗ ನಮ್ಮ ದೇಶದ ಚಿತ್ರವೊಂದನ್ನು ನೋಡೋಣ. ಅಕ್ಬರನಾಮೆಗಾಗಿ 16ನೆಯ ಶತಮಾನದ ಕೊನೆಯಲ್ಲಿ ಬರೆದ ಜೋಡಿಪುಟದ ಚಿತ್ರವದು. ಈಗ ಲಂಡನ್ನಿನ ವಿಕ್ಟೋರಿಯಾ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಯೋಜನೆ ಬಸಾವನನದು, ಬಣ್ಣ ಚೇತರನದು. 1561ರಲ್ಲಿ, ಇನ್ನೂ ಇಪ್ಪತ್ತು ತುಂಬದ ಅಕ್ಬರನು ಹವಾಯಿ ಎಂಬ ಪುಂಡಾನೆಯನ್ನೇರಿ, ರಣಬಾಘ್ ಎಂಬ ಇನ್ನೊಂದಾನೆಯ ಮೇಲೆ ಕಾದಾಟಕ್ಕೆ ಬಿಟ್ಟ. ಸೋತ ಆನೆ ಆಗ್ರಾದಲ್ಲಿ ಯಮುನೆಗೆ ಕಟ್ಟಿದ್ದ ದೋಣಿಗಳ ಸೇತುವೆಯ ಮೇಲೆ ಓಡಿತು, ಗೆದ್ದದ್ದು ಬೆನ್ನಟ್ಟಿತು. ಚಿತ್ರದಲ್ಲಿ ಆ ಸೇತುವೆ ಕರ್ಣರೇಖೆಯಾಗಿ ಸೀಳಿಕೊಂಡು ಹೋಗಿದೆ. ಆನೆಗಳ ಕಾಲಡಿ ದೋಣಿಗಳು ಮುಳುಗಿ ಏಳುತ್ತಿವೆ, ಅಂಬಿಗರು ನೀರಿಗೆ ಹಾರುತ್ತಿದ್ದಾರೆ, ಕೆಲವರು ಹಗ್ಗ ಹಿಡಿದು ಜೋಲುತ್ತಿದ್ದಾರೆ. ದಡದಲ್ಲಿ ಮಂತ್ರಿ ಕೈಜೋಡಿಸಿ ಪ್ರಾರ್ಥಿಸುತ್ತಿದ್ದಾನೆ. ಬಾದಶಹನು ಮಾತ್ರ ನಿಶ್ಚಿಂತ.

ಸಾಕ್ಷಿಯೆಂಬ ದೃಷ್ಟಿಯಿಂದ ಇದನ್ನು ಪಾಟಿಸವಾಲಿಗೆ ಗುರಿಪಡಿಸಿದರೆ ದೋಷ ಕಾಣದಿರದು. ಘಟನೆ ನಡೆದು ಸುಮಾರು 30 ವರ್ಷಗಳ ಮೇಲೆ ಬರೆದ ಚಿತ್ರವಿದು. ಹಿನ್ನೆಲೆಯಲ್ಲಿ ಕಾಣುವ ಆಗ್ರಾದ ಕೆಂಪುಕಲ್ಲಿನ ಕೋಟೆಯನ್ನು ಅಕ್ಬರನು ಕಟ್ಟಿಸತೊಡಗಿದ್ದು 1565ರಲ್ಲಿ. ರಾಜನಿಗೆ ಮೆಚ್ಚುಗೆಯಾಗಲೆಂದು ಬರೆದದ್ದು ಎಂಬುದಂತೂ ಹೇಳಬೇಕಾದುದಿಲ್ಲ. ಇಷ್ಟಾದರೂ ದೋಣಿಸೇತುವೆಯ ಕಟ್ಟು ಹೇಗಿರುತ್ತಿತ್ತು, ಭಾರ ಬಿದ್ದಾಗ ಅದು ಹೇಗೆ ಬಾಗುತ್ತಿತ್ತು, ಅಂಥ ಸಂದರ್ಭದಲ್ಲಿ ಅದನ್ನು ಕಾಯುತ್ತಿದ್ದವರ ಪಾಡೇನು ಎಂಬ ವಿಷಯಕ್ಕೆ ಬಸಾವನನಿಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ರಾಜನ ಪರಾಕ್ರಮವನ್ನು ಬರೆಯಲು ಕುಳಿತವನು ಅಂಬಿಗರ ಭಯವನ್ನೂ ಬರೆದುಬಿಟ್ಟ. ಅಳತೆ, ಕಾಲ, ಕಟ್ಟಡಗಳ ವಿಷಯದಲ್ಲಿ ಚಿತ್ರಕಾರನು ತಪ್ಪಬಹುದು. ದಾಟುವವನ ಮೈಗೆ ಸೇತುವೆ ಹೇಗೆ ತಾಗುತ್ತದೆ ಎಂಬುದರಲ್ಲಿ ಒಳ್ಳೆಯ ಚಿತ್ರಕಾರನು ತಪ್ಪುವುದು ಅಪೂರ್ವವೆಂದು ನಮಗೆ ತೋರುತ್ತದೆ. ದಾಖಲೆಗಳು ಬರೆಯದೆ ಬಿಡುವುದೂ ಸಾಮಾನ್ಯವಾಗಿ ಅದನ್ನೇ. ನಮ್ಮ ಶಾಲೆಯ ದಿನಚರಿಯನ್ನು ನೋಡಿದರೆ ಸಾಕು.

ಜಪಾನಿನ ಹಿರೋಶಿಗೆಯ ಮಳೆಯ ಸೇತುವೆಗೆ ಬರೋಣ. ಚಿತ್ರದಲ್ಲಿ ಸೇತುವೆಯೆಂದರೆ ನಮಗೆ ಎಲ್ಲಕ್ಕೂ ಮೊದಲು ನೆನಪಾಗುವುದು ಅದೇ. ಈಗಿನ ತೋಕಿಯೋ ನಗರಕ್ಕೆ ಆಗ ಎದೊ ಎಂಬ ಹೆಸರು. ಸುಮಿದಾ ನದಿ ಆ ನಗರವನ್ನು ಸೀಳಿ ಹರಿಯುತ್ತಿತ್ತು. ಅಷ್ಟು ದೊಡ್ಡ ಊರಿಗೆ ಆ ನದಿಯ ಮೇಲೆ ಇದ್ದ ಸೇತುವೆಗಳು ಬೆರಳೆಣಿಕೆಯವು, ಎಲ್ಲವೂ ಮರದವು. ಅವುಗಳಲ್ಲೊಂದು 1693ರಲ್ಲಿ ಮೊದಲು ಕಟ್ಟಿದ ಶಿನ್-ಓಹಾಶಿ, ಎಂದರೆ ಹೊಸ ದೊಡ್ಡ ಸೇತುವೆ. ಸಮೀಪದಲ್ಲೇ ವಾಸವಾಗಿದ್ದ ಬಾಶೊ ಕವಿ ಅದನ್ನು ಕುರಿತು ಕವಿತೆ ರಚಿಸಿದ. ಇದೇ ನದಿಯ ಎಯ್‌ತಾಯ್ ಸೇತುವೆ 1807ರಲ್ಲಿ ಉತ್ಸವದ ಜನದಟ್ಟಣೆಯಿಂದ ಮುರಿದು ನೂರಾರು ಜನ ನೀರುಪಾಲಾದರು. ಹಿರೋಶಿಗೆ ಆಗ ಹತ್ತು ವರ್ಷದ ಬಾಲಕ. ಬೆಂಕಿ ನಂದಿಸುವ ಕಾವಲಿನವರ ಮನೆಯ ಹುಡುಗ. 1855ರಲ್ಲಿ ದೊಡ್ಡ ಭೂಕಂಪವಾಗಿ ನಗರ ನೆಲಕಚ್ಚಿತು. ಮರುವರ್ಷವೇ ಅವನು ಎದೊ ನಗರದ ನೂರು ಪ್ರಸಿದ್ಧ ನೋಟಗಳೆಂಬ ಮಾಲೆಯನ್ನು ಆರಂಭಿಸಿದ. 1858ರಲ್ಲಿ ತೀರಿಕೊಳ್ಳುವವರೆಗೂ ಅದೇ ಕೆಲಸ.

1857ರಲ್ಲಿ ಅಚ್ಚಾದ ಚಿತ್ರದಲ್ಲಿರುವುದು ಆ ಶಿನ್-ಓಹಾಶಿ. ನೋಡುವವನು ಎತ್ತರದಲ್ಲೆಲ್ಲೋ ನಿಂತಿದ್ದಾನೆ. ಮೇಲಂಚಿನಲ್ಲಿ ಮಸಿಯಂಥ ಮೋಡ. ಅಲ್ಲಿಂದ ಕೂದಲೆಳೆಯ ಕಪ್ಪು ಗೆರೆಗಳಾಗಿ ಮಳೆ ಇಡೀ ಚಿತ್ರದ ಮೇಲೆ ಸುರಿದಿದೆ. ಗೆರೆಗಳೆಲ್ಲ ಒಂದೇ ಓರೆಯಲ್ಲಿಲ್ಲ. ಎರಡು ಓರೆಗಳಲ್ಲಿವೆ, ಗಾಳಿಗೆ ಮಳೆ ತಿರುಗುವಂತೆ. ಹೆಲಗೆಯಲ್ಲಿ ಇಷ್ಟು ಸಪೂರದ ಗೆರೆಗಳನ್ನು ಉಬ್ಬಾಗಿ ಉಳಿಸಿ ಸುತ್ತಲಿನ ಮರವನ್ನು ಕೆತ್ತಿ ತೆಗೆಯಬೇಕು. ಕೆತ್ತಿದವರು, ಬಣ್ಣವನ್ನು ಒರಸಿ ಒರಸಿ ಮೋಡವನ್ನು ಕರಗಿಸಿದ ಅಚ್ಚಿನವರು ಯಾರೆಂದು ಚಿತ್ರ ನೋಡುವವರು ಕೇಳುವುದೇ ಇಲ್ಲ. ಹಳದಿ ಸೇತುವೆಯ ಮೇಲೆ ಕೆಲವೇ ಜನ. ಛತ್ರಿಯಡಿ ಮುದುಡಿದವರು, ಚಾಪೆಯನ್ನು ತಲೆಗೆ ಹೊದ್ದವರು. ಒಬ್ಬರ ಮುಖವೂ ಕಾಣದು. ನಮ್ಮವರು ಗೊರಬೆ ಹೊದ್ದು ಗದ್ದೆಯ ಹುಣಿಯಲ್ಲಿ ಓಡುವಂತೆಯೇ ಓಡುತ್ತಿದ್ದಾರೆ. ಕೆಳಗೆ ಒಬ್ಬನೇ ತೆಪ್ಪದವನು ಮರದ ದಿಮ್ಮಿಗಳನ್ನು ಗಳುವಿನಿಂದ ನೂಕಿಕೊಂಡು ಹೋಗುತ್ತಿದ್ದಾನೆ. ಅವನಿಗೆ ಓಡುವುದಕ್ಕೂ ಸ್ಥಳವಿಲ್ಲ. ಆಚೆ ದಡ ಬೂದುಬಣ್ಣದಲ್ಲಿ ಓರೆಯಾಗಿ, ನೆರಳಿನಂತೆ ನಿಂತಿದೆ. ಆ ದಡದ ಹೆಸರು ಅತಾಕೆ. ಷೋಗುನರ ಅತಾಕೆಮಾರು ಎಂಬ ಹಡಗು ಒಂದು ಕಾಲಕ್ಕೆ ಅಲ್ಲಿ ತಂಗುತ್ತಿದ್ದುದರಿಂದ ಬಂದ ಹೆಸರು.

ಈ ಚಿತ್ರದಲ್ಲಿ ಸೇತುವೆಯ ಎರಡು ತುದಿಗಳೂ ಪೂರ್ತಿಯಾಗಿ ಕಾಣುವುದಿಲ್ಲ. ನಮ್ಮ ಮಕ್ಕಳ ಚಿತ್ರಗಳಂತೆಯೇ ಅದು ಅಂಚಿನಲ್ಲಿ ಕತ್ತರಿಸಿಹೋಗಿದೆ. ಹಾಗಾದರೆ ನಾವು ಮಕ್ಕಳನ್ನು ದೂರಿದ್ದು ಅನ್ಯಾಯವಾಯಿತೆ? ಬಹಳ ಯೋಚಿಸಿದ ಮೇಲೆ ನಮಗೆ ಹೊಳೆದದ್ದು ಇಷ್ಟು: ಹಿರೋಶಿಗೆ ತುದಿಯನ್ನು ಕತ್ತರಿಸಿದ್ದಾನೆ, ದಡವನ್ನು ಮರೆತಿಲ್ಲ. ಓಡುವವರ ಕಾಲಿನಲ್ಲೇ ಎರಡೂ ದಡಗಳಿವೆ. ಎಷ್ಟು ಬೇಗ ಆಚೆ ಸೇರಿಯೇವು ಎಂಬುದಲ್ಲದೆ ಅವರ ಮನಸ್ಸಿನಲ್ಲಿ ಬೇರೇನೂ ಇಲ್ಲ. ಈ ಸ್ಥಳದಲ್ಲಿ 1912ರಲ್ಲಿ ಕಬ್ಬಿಣದ ಸೇತುವೆ ಬಂತು. 1923ರ ಮಹಾಭೂಕಂಪದಲ್ಲಿಯೂ ಅದರ ಬೆಂಕಿಯಲ್ಲಿಯೂ ಅದು ಬೀಳದೆ ನಿಂತು, ಅನೇಕರು ಅದರ ಮೇಲೆ ಓಡಿಬಂದು ಜೀವ ಉಳಿಸಿಕೊಂಡರು. 1977ರಲ್ಲಿ ಅದರ ಬದಲು ಈಗಿನ ಸೇತುವೆಯನ್ನು ಕಟ್ಟಿದರು. ಪ್ರಪಂಚಕ್ಕೆ ಪರಿಚಿತವಾಗಿರುವ ಶಿನ್-ಓಹಾಶಿ ಮಾತ್ರ ಮಳೆಯಲ್ಲಿ ನೆನೆಯುತ್ತಿರುವ ಮರದ್ದೇ.

ಜಪಾನಿನ ಈ ಅಚ್ಚುಗಳು 19ನೆಯ ಶತಮಾನದ ಉತ್ತರಾರ್ಧದಲ್ಲಿ ಯೂರೋಪಿನ ಅಂಗಡಿಗಳಿಗೆ ರಾಶಿರಾಶಿಯಾಗಿ ಬಂದುವು. ಅವುಗಳಿಂದ ಕಲಿತವರಲ್ಲಿ ಲಂಡನ್ನಿನಲ್ಲಿ ನೆಲೆಸಿದ್ದ ಅಮೆರಿಕದ ವಿಸ್ಲರ್ ಒಬ್ಬ. ಥೇಮ್ಸ್ ನದಿಗೆ ಬ್ಯಾಟರ್‌ಸೀ ಎಂಬಲ್ಲಿ 1771-72ರಲ್ಲಿ ಕಟ್ಟಿದ ಮರದ ಸೇತುವೆಯೊಂದಿತ್ತು. ಒತ್ತೊತ್ತಾಗಿ ಕಂಬಗಳಿದ್ದು ದೋಣಿಗಳಿಗೆ ಕಂಟಕವಾಗಿತ್ತು. ವಿಸ್ಲರ್ 1870ರ ದಶಕದ ಮೊದಲ ಭಾಗದಲ್ಲಿ ಅದನ್ನು ರಾತ್ರಿಯ ನೀಲಿಯಲ್ಲಿ ಬರೆದ. ಒಂದೇ ಕಂಬ, ಅದೂ ಇದ್ದುದಕ್ಕಿಂತ ಬಹಳ ಎತ್ತರ. ಮೇಲೆ ಸ್ವಲ್ಪವೇ ಬಾಗಿದ ದಾರಿ. ನೆರಳಿನಂಥ ಕೆಲವು ಆಕೃತಿಗಳು. ದೂರದಲ್ಲಿ ಬಾಣಬಿರುಸಿನ ಚಿನ್ನದ ಚುಕ್ಕೆಗಳು. ಈ ಚಿತ್ರ 1878ರ ನವೆಂಬರಿನಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು! ವಿಸ್ಲರನ ಇನ್ನೊಂದು ಚಿತ್ರವನ್ನು ಹಳಿದು ಬರೆದ ಪ್ರಸಿದ್ಧ ವಿಮರ್ಶಕ ರಸ್ಕಿನ್ನನ ಮೇಲೆ ಮಾನನಷ್ಟದ ದಾವೆ ನಡೆದಿತ್ತು. ಸೇತುವೆಯ ಚಿತ್ರವನ್ನೂ ಸಾಕ್ಷ್ಯಕ್ಕೆ ತಂದರು. ಸೇತುವೆಯ ಮೇಲಿರುವುದು ಮನುಷ್ಯರೇ ಎಂದು ನ್ಯಾಯಾಧೀಶರು ಕೇಳಿದರು. ನಿಮಗೆ ಏನು ತೋರುವುದೋ ಅದು ಎಂಬರ್ಥದ ಉತ್ತರ ಬಂತು. ಇದು ಸೇತುವೆಯ ಯಥಾರ್ಥ ಚಿತ್ರವೆಂದು ತಾನು ಹೇಳಿಕೊಂಡಿಲ್ಲ, ಬೆಳುದಿಂಗಳ ನೋಟವನ್ನು ಬರೆದೆನೆಂದೂ ವಿಸ್ಲರ್ ತಿಳಿಸಿದ. ದಾವೆ ಗೆದ್ದ, ದೊರೆತ ಪರಿಹಾರ ಒಂದು ಫಾರ್ದಿಂಗ್, ಎಂದರೆ ಕಾಲು ಪೆನ್ನಿ. ಖರ್ಚಿನ ಹೊರೆಯಿಂದ ಮರುವರ್ಷ ದಿವಾಳಿಯಾದ.

ಆ ನ್ಯಾಯಾಧೀಶರ ಪ್ರಶ್ನೆಯನ್ನು ಕೇಳಿ ಚಿತ್ರಕಾರರು ನಗುವುದುಂಟು. ನಾವು ನಗಲಾರೆವು. ಚರಿತ್ರೆ ಕಲಿಸುವವರು ಕೇಳಬೇಕಾದ ಪ್ರಶ್ನೆಯೇ ಅದು. ಸೇತುವೆಯ ಎತ್ತರಕ್ಕೆ ವಿಸ್ಲರನನ್ನು ಸಾಕ್ಷಿ ಕರೆದರೆ ಅವನು ಸುಳ್ಳುಸಾಕ್ಷಿ. ಹೊಗೆ ಮುಸುಕಿದ ಆ ನದಿಯಲ್ಲಿ ರಾತ್ರಿ ದೋಣಿಯಿಂದ ಮೇಲೆ ನೋಡಿದವನಿಗೆ ಆ ಹಳೆಯ ಮರದ ಕಂಬ ಹೇಗೆ ಕಂಡಿತೆಂದು ಕೇಳಿದರೆ ಅವನಷ್ಟು ನಂಬಿಕೆಯ ಸಾಕ್ಷಿಯಿಲ್ಲ. ಸೇತುವೆಯನ್ನು 1885ರಲ್ಲಿ ಕೆಡವಿದರು.

ವ್ಯಾನ್ ಗೋ 1887ರಲ್ಲಿ ಪ್ಯಾರಿಸಿನಲ್ಲಿ ಹಿರೋಶಿಗೆಯ ಮಳೆಯ ಸೇತುವೆಯನ್ನೇ ಎಣ್ಣೆಬಣ್ಣದಲ್ಲಿ ನಕಲು ಮಾಡಿದ. ಸುತ್ತಲೂ ತನಗೆ ಓದಲು ಬಾರದ ಜಪಾನೀ ಅಕ್ಷರಗಳ ಚೌಕಟ್ಟನ್ನೂ ಬರೆದ. ಕೂದಲೆಳೆಯ ಮಳೆ ಕುಂಚಕ್ಕೆ ಒಗ್ಗದೆ ದಪ್ಪವಾಗಿದೆ. ನಕಲಿಗಿಂತ ಅದರಿಂದ ಕಲಿತ ಪಾಠ ದೊಡ್ಡದು. ಮರುವರ್ಷ ಫ್ರಾನ್ಸಿನ ದಕ್ಷಿಣದ ಆರ್ಲ್ ಎಂಬ ಊರಿಗೆ ಹೋಗಿ, ಕಾಲುವೆಯ ಮೇಲಿನ ಎತ್ತುವ ಸೇತುವೆಯೊಂದನ್ನು ಮತ್ತೆ ಮತ್ತೆ ಬರೆದ. ಲಾಂಗ್ಲ್ವಾ ಎಂಬುದು ಅದನ್ನು ಕಾಯುತ್ತಿದ್ದವನ ಹೆಸರು. ಊರಿನವರು ಸೇತುವೆಯನ್ನೇ ಆ ಹೆಸರಿನಿಂದ ಕರೆದರು. ಸರಕಾರದ ಕಾಗದದಲ್ಲಿ ಬೇರೆಯೇ ಹೆಸರಿತ್ತು. ಅದು ಈಗ ಯಾರಿಗೂ ಬೇಡ. ನೀಲಿ ಆಕಾಶ, ಹಳದಿ ಕಲ್ಲು, ಸೇತುವೆಯ ಮೇಲೆ ಪುಟ್ಟ ಬಂಡಿ, ಕೆಳಗೆ ದಡದಲ್ಲಿ ಬಟ್ಟೆ ಒಗೆಯುವ ಹೆಂಗಸರು. ಅವರ ಕೈಯ ಅಲುಗಾಟಕ್ಕೆ ನೀರಿನಲ್ಲಿ ಬಳೆ ಬಳೆಯಾಗಿ ಎದ್ದ ಅಲೆಗಳು. 1930ರಲ್ಲಿ ಆ ಸ್ಥಳದಲ್ಲಿ ಕಾಂಕ್ರೀಟಿನ ಸೇತುವೆ ಕಟ್ಟಿದರು. 1944ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನರು ಅದನ್ನು ಸಿಡಿಸಿದರು. ಈಗ ಪ್ರವಾಸಿಗಳಿಗೆ ತೋರಿಸುವುದು ಅದೇ ಕಾಲುವೆಯ ಬೇರೊಂದು ಕಡೆಯಿಂದ ಬಿಚ್ಚಿ ತಂದು 1960ರ ದಶಕದಲ್ಲಿ ನಿಲ್ಲಿಸಿದ ಅದೇ ಮಾದರಿಯ ಸೇತುವೆ. ಚಿತ್ರವನ್ನು ನೋಡಿ ಸೇತುವೆಯನ್ನು ಹುಡುಕಿಕೊಂಡು ಬರುವವರಿಗಾಗಿ ಸೇತುವೆಯನ್ನೇ ಹುಡುಕಿ ತರಬೇಕಾಯಿತು!

ಮೋನೆಯ ಹೆಸರನ್ನು ಬಿಟ್ಟರೆ ವಾಚಕರು ಒಪ್ಪಲಾರರು. ಲಂಡನ್ನಿನ ವಸತಿಗೃಹದ ಮಹಡಿಯಿಂದ ಅವನು 1899ರಿಂದ 1901ರವರೆಗೆ ವಾಟರ್‌ಲೂ ಸೇತುವೆಯನ್ನು ಮಂಜಿನಲ್ಲಿ ನಲವತ್ತಕ್ಕೂ ಮೇಲ್ಪಟ್ಟು ಸಲ ಬರೆದ. ತನ್ನ ತೋಟದಲ್ಲಿ ತಾವರೆಗೊಳ ತೋಡಿಸಿ, ಜಪಾನೀ ಮಾದರಿಯ ಕಾಲುಸಂಕ ಕಟ್ಟಿಸಿ, ಅದನ್ನೂ ಬರೆದ. ಬಣ್ಣಗಳು ಅದ್ಭುತ. ಆದರೆ ತೋಟದ ಆ ಸಂಕದ ಮೇಲೆ ಯಾರೂ ಎಲ್ಲಿಗೂ ಅವಸರದಿಂದ ಹೋಗುತ್ತಿಲ್ಲ. ನಮ್ಮಂಥ, ನೆರೆಯ ಲೆಕ್ಕ ಬರೆಯುವ ಶಾಲೆಯವರಿಗೆ ಅದು ಸ್ವಲ್ಪ ದೂರದ ಚಿತ್ರವೇ.

ಇದಕ್ಕೆ ತದ್ವಿರುದ್ಧವಾದ ನೋಟ ಹಂಪೆಯಲ್ಲಿದೆ. ವಿಠಲ ದೇವಾಲಯದಿಂದ ಅನತಿದೂರದಲ್ಲಿ ತುಂಗಭದ್ರೆಯ ಪಾತ್ರದಲ್ಲಿ ಕಲ್ಲುಕಂಬಗಳ ಸಾಲು ನಿಂತಿದೆ. ವಿಜಯನಗರದ ಕಾಲದ ಸೇತುವೆಯ ಕಾಲುಗಳವು. ಮೇಲೆ ದಾರಿಯಿಲ್ಲ. ಅಳತೆ ತೆಗೆಯಬಹುದು, ಕಂಬಗಳ ನಡುವಣ ಅಂತರವನ್ನು ಲೆಕ್ಕ ಹಾಕಬಹುದು. ಆನೆಗೊಂದಿಯ ಕಡೆಯಿಂದ ಸಂತೆಯ ದಿನ ಆ ಹಾದಿಯಲ್ಲಿ ಬಂದವರು ಹೇಗೆ ಬಂದರು, ಎದುರಾದ ಎತ್ತುಗಳಿಗೆ ಯಾರು ದಾರಿ ಬಿಟ್ಟರು? ಕಂಬಗಳು ಹೇಳುವುದಿಲ್ಲ. ಅಲ್ಲಿ ಒಬ್ಬ ಜಾಂಗ್ ಝೆದುವಾನ್ ಇರಬೇಕಾಗಿತ್ತು.

ಮಕ್ಕಳಿಗೆ ಎರಡನೆಯ ಸಲ ಚಿತ್ರ ಬರೆಯುವ ಕೆಲಸ ಕೊಟ್ಟೆವು. ಈ ಬಾರಿ ಈಗಿನ ಸೇತುವೆಯಲ್ಲ, ಹಳೆಯ ಸಂಕ; ಮನೆಯಲ್ಲಿ ಅಜ್ಜ ಅಜ್ಜಿಯರನ್ನು ಕೇಳಿಕೊಂಡು ಬರಬೇಕು ಎಂದೆವು. ಹಿರೋಶಿಗೆಯ ಮಳೆಯನ್ನು ಒಂದು ಪುಸ್ತಕದಿಂದ ತೋರಿಸಿದ್ದೆವು. ಅದರ ಫಲವೋ ಏನೋ, ಬಂದ ಚಿತ್ರಗಳಲ್ಲೆಲ್ಲ ಧಾರಾಳವಾಗಿ ಮಳೆ ಬಿದ್ದಿತ್ತು. ಆರನೆಯ ತರಗತಿಯ ಒಬ್ಬ ಹುಡುಗಿಯ ಚಿತ್ರದಲ್ಲಿ ಎರಡೂ ದಡಗಳಿದ್ದುವು, ಈಚೆ ಹೊನ್ನೆಮರವಿತ್ತು, ಮೂರು ಅಡಿಕೆಕಾಂಡಗಳ ಮೇಲೆ ಪುಸ್ತಕಗಳನ್ನು ತಲೆಯ ಮೇಲಿಟ್ಟುಕೊಂಡ ಮಕ್ಕಳು ಸಾಲಾಗಿ ನಡೆಯುತ್ತಿದ್ದರು. ಅದನ್ನು ಗೋಡೆಗೆ ಅಂಟಿಸಿದೆವು. ಹೊನ್ನೆಮರದ ಪಕ್ಷದ ಹಿರಿಯರು ಮೊಮ್ಮಗನ ಸರ್ಟಿಫಿಕೇಟಿಗೆಂದು ಶಾಲೆಗೆ ಬಂದವರು ಚಿತ್ರದ ಎದುರಿಗೆ ಬಹಳ ಹೊತ್ತು ನಿಂತರು. ಆಮೇಲೆ ಹುಡುಗಿಯನ್ನು ಕರೆದು, "ಮಗಳೇ, ಕೈಹಿಡಿಯುವ ಬಿದಿರು ಈ ಬದಿಗಲ್ಲ. ನೀರು ಹೋಗುವ ಬದಿಗೆ. ನೆರೆ ನೂಕಿದರೆ ನಾವು ಬೀಳುವುದು ಆ ಕಡೆಗಲ್ಲವಾ?" ಎಂದರು.

"ಬಿದಿರು ಒಂದೇ ಇದ್ದದ್ದಾ ಅಜ್ಜ?" ಎಂದು ಅವಳು ಕೇಳಿದಳು.

"ಒಂದೇ. ಎರಡು ಬದಿಗೂ ಕಟ್ಟಿದರೆ ಹುಲ್ಲಿನ ಹೊರೆ ತರುವುದು ಹೇಗೆ?"

ಹುಡುಗಿ ರಬ್ಬರು ಹುಡುಕಿ ತಂದು ಬಿದಿರನ್ನು ಅಳಿಸಿ ಇನ್ನೊಂದು ಬದಿಗೆ ಬರೆದಳು. ಕಟ್ಟದಿಂದ ಕೆಳಗೆ ಎಂದು ವಾದಿಸಿದ ಹಿರಿಯರಿಗೆ ಚಿತ್ರವನ್ನು ತೋರಿಸುವುದು ಇನ್ನೂ ಬಾಕಿಯಿದೆ.